ಭತ್ತದ ದರ ತಿಳಿಸುವ ಆ್ಯಪ್ ಒಂದನ್ನು ಬಳಸುವವರಿಗೆ ಒಗ್ಗುವಂತೆ ವಿನ್ಯಾಸಗೊಳಿಸುವುದು ಹೇಗೆ

ಸಿಂಧನೂರು, ಕಾರಟಗಿ, ಗಂಗಾವತಿ ಸೀಮೆಯ ಭತ್ತದ ಬೆಳೆಗಾರರು ದಿನದ ದರವನ್ನು ನೋಡಿಕೊಳ್ಳಲು ಮತ್ತು ತಾವು ಮಾರಿದ ಮಾಲಿನ ಲೆಕ್ಕ ಇಟ್ಟುಕೊಳ್ಳಲು ಒಂದು ಆ್ಯಪ್ ಬೇಕಾಗಿದೆ ಎಂದುಕೊಳ್ಳೋಣ. ಇಂಥ ಆ್ಯಪಿನಲ್ಲಿ ಬಳಕೆದಾರರ ಅನುಭವದ ವಿನ್ಯಾಸ, ಅಂದರೆ ಯುಎಕ್ಸ್ ಡಿಸೈನ್ ಎಂದು ಕರೆಯುವ ಕೆಲಸ, ಬಣ್ಣ ಮತ್ತು ಚಿತ್ರಗಳ ಆಯ್ಕೆಗಿಂತ ಬಹಳ ಮೊದಲೇ ಶುರುವಾಗುತ್ತದೆ. 2010ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾದ ಐಎಸ್‌ಒ 9241-210 ಎಂಬ ಅಂತರರಾಷ್ಟ್ರೀಯ ಮಾನದಂಡವು ಇದಕ್ಕೆ ನಾಲ್ಕು ಹಂತಗಳನ್ನು ಹೇಳುತ್ತದೆ: ಬಳಕೆಯ ಸಂದರ್ಭವನ್ನು ಅರಿಯುವುದು, ಬಳಕೆದಾರರ ಅಗತ್ಯಗಳನ್ನು ಗೊತ್ತುಪಡಿಸುವುದು, ವಿನ್ಯಾಸವನ್ನು ರಚಿಸುವುದು, ರಚಿಸಿದ್ದು ಆ ಅಗತ್ಯಗಳನ್ನು ಪೂರೈಸುತ್ತದೆಯೇ ಎಂದು ಪರೀಕ್ಷಿಸುವುದು. ಹೆಚ್ಚಿನ ತಂಡಗಳು ಮೊದಲನೆಯದನ್ನೇ ಬಿಟ್ಟು ಮುಂದೆ ಹೋಗುತ್ತವೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಸಮಯ ಸಲ್ಲಬೇಕಾದುದು ಅದಕ್ಕೇ.

ಮೊದಲು ಮಾರುಕಟ್ಟೆಗೆ ಹೋಗಿ ನೋಡಿ

ಎಪಿಎಂಸಿ ಪ್ರಾಂಗಣದಲ್ಲಿ, ದಲಾಲಿ ಅಂಗಡಿಯ ಮುಂದೆ, ಹೊಲದ ಬದುವಿನ ಮೇಲೆ ಜನರು ಫೋನನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಗಮನಿಸಿ ಬರೆದುಕೊಳ್ಳಿ. ‘ಇಂಥ ಆ್ಯಪ್ ಇದ್ದರೆ ಬಳಸುತ್ತೀರಾ?’ ಎಂದು ಕೇಳಬೇಡಿ. ಕೇಳಿದವರ ಮನಸ್ಸು ನೋಯಬಾರದೆಂದು ಯಾರಾದರೂ ‘ಬಳಸ್ತೀವ್ರಿ’ ಎಂದೇ ಹೇಳುತ್ತಾರೆ. ಅದರ ಬದಲು, ಹಿಂದಿನ ಬೆಳೆ ಮಾರುವಾಗ ದರವನ್ನು ಯಾರಿಂದ ತಿಳಿದಿರಿ, ತಿಳಿದ ಮೇಲೆ ಏನು ಮಾಡಿದಿರಿ ಎಂದು ನಡೆದುಹೋದ ಸಂಗತಿಯನ್ನೇ ಕೇಳಿ. ಅಂಗಡಿಯವರು ಕೊಟ್ಟ ಹಳೆಯ ಲೆಕ್ಕದ ಪಟ್ಟಿ ಅವರ ಬಳಿ ಇದ್ದರೆ ಒಪ್ಪಿಗೆ ಪಡೆದು ನೋಡಿ. ಅದರಲ್ಲಿ ತೂಕ ಎಲ್ಲಿದೆ, ಹಮಾಲಿಯನ್ನು ಎಲ್ಲಿ ಕಳೆದಿದ್ದಾರೆ, ಕೈಗೆ ಬರುವ ಮೊತ್ತ ಎಲ್ಲಿದೆ ಎಂಬ ಕ್ರಮವನ್ನೇ ನಿಮ್ಮ ಲೆಕ್ಕದ ಪುಟದಲ್ಲೂ ಉಳಿಸಿಕೊಳ್ಳಿ, ಏಕೆಂದರೆ ರೈತರ ಕಣ್ಣಿಗೆ ಆ ಕ್ರಮ ಆಗಲೇ ರೂಢಿಯಾಗಿದೆ.

ಹೀಗೆ ನೋಡುವಾಗ ಅಳತೆಯ ವಿಷಯವೂ ತಿಳಿಯುತ್ತದೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಪ್ರಕಟವಾಗುತ್ತದೆ. ನಮ್ಮ ಭಾಗದಲ್ಲಿ ಭತ್ತದ ಮಾತುಕತೆ ನಡೆಯುವುದು ಸಾಮಾನ್ಯವಾಗಿ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಚೀಲಕ್ಕೆ ₹1,500 ಎಂದರೆ ಕ್ವಿಂಟಲಿಗೆ ₹2,000. ವ್ಯಾಪಾರದ ಗಡಿಬಿಡಿಯಲ್ಲಿ ನಿಂತವರಿಗೆ ಈ ಲೆಕ್ಕ ಮಾಡುವ ಕೆಲಸ ಬಿಡಬಾರದು. ಚೀಲದ ದರವನ್ನು ದೊಡ್ಡದಾಗಿ, ಅದರ ಕೆಳಗೆ ಕ್ವಿಂಟಲ್ ದರವನ್ನು ಚಿಕ್ಕದಾಗಿ ತೋರಿಸಿ, ಚೀಲ ಎಷ್ಟು ಕೆ.ಜಿ.ಯದು ಎಂಬುದನ್ನು ಪ್ರತಿ ಬಾರಿಯೂ ನಮೂದಿಸಿ. ಬೇಕಾದ ಮಾಹಿತಿಯನ್ನು ಬಳಕೆದಾರರ ನೆನಪಿಗೆ ಬಿಡದೆ ಕಣ್ಣೆದುರೇ ಇಡಬೇಕು ಎಂಬುದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಮುಂದಿಟ್ಟ ಹತ್ತು ಸೂತ್ರಗಳಲ್ಲಿ ಒಂದು.

ಕಾಗದದಿಂದ ಪರದೆಗೆ

ಪುಟಗಳನ್ನು ಮೊದಲು ಪೆನ್ಸಿಲಿನಿಂದ ಕಾಗದದ ಮೇಲೆ ಬಿಡಿಸಿ. ಕಾಗದದಲ್ಲಿ ತಪ್ಪನ್ನು ಅಳಿಸಲು ಯಾರಿಗೂ ಮನಸ್ಸು ಹಿಂಜರಿಯುವುದಿಲ್ಲ. ಆ್ಯಪ್ ತೆರೆದೊಡನೆ ಕಾಣಬೇಕಾದುದು ಇಂದಿನ ದರ. ನೋಂದಣಿ, ಒಟಿಪಿ, ಸರ್ವೆ ನಂಬರ್ ಯಾವುದೂ ಅದಕ್ಕೆ ಅಡ್ಡ ನಿಲ್ಲಬಾರದು. ಪಹಣಿಯ ವಿವರವನ್ನು ಆರಂಭದಲ್ಲೇ ಕೇಳಿದರೆ ಗುತ್ತಿಗೆಗೆ ಜಮೀನು ಮಾಡುವವರೆಲ್ಲ ಹೊರಗುಳಿಯುತ್ತಾರೆ. ದರ ಯಾವ ಮಾರುಕಟ್ಟೆಯದು, ಯಾವ ದಿನದ್ದು, ಎಷ್ಟು ಗಂಟೆಯದು ಎಂಬುದು ದರದ ಪಕ್ಕದಲ್ಲೇ ಇರಲಿ. ನೆಟ್‌ವರ್ಕ್ ಸಿಗದಾಗ ಖಾಲಿ ಪುಟ ತೋರಿಸದೆ, ಕೊನೆಯ ಬಾರಿ ಬಂದ ದರವನ್ನು ‘ಇದು ನಿನ್ನೆ ಸಂಜೆಯ ದರ’ ಎಂಬ ಸೂಚನೆಯೊಂದಿಗೆ ತೋರಿಸಿ. ಹಳೆಯ ದರವನ್ನು ಇಂದಿನದೆಂದು ನಂಬಿ ಮಾಲು ಮಾರಿದವರ ನಷ್ಟಕ್ಕೆ ವಿನ್ಯಾಸ ಮಾಡಿದವರೇ ಹೊಣೆ ಎಂದು ನಾನು ತಿಳಿಯುತ್ತೇನೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ಬಿಳಿಯ ಮೇಲಿನ ತಿಳಿಬೂದು ಅಕ್ಷರಗಳು ಕಾಣುವುದೇ ಇಲ್ಲ. ಅಂಗವಿಕಲರೂ ಬಳಸುವಂತೆ ಜಾಲತಾಣಗಳನ್ನು ರೂಪಿಸಲು ಇರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಪ್ರಮಾಣದ ಹೊಳಪಿನ ವ್ಯತ್ಯಾಸವನ್ನು ಕೇಳುತ್ತದೆ. ಬಯಲಿನಲ್ಲಿ ಬಳಸುವ ಆ್ಯಪಿಗೆ ಅದೇ ಮಾರ್ಗಸೂಚಿಯ ಉನ್ನತ ಮಟ್ಟವಾದ 7:1 ಅನ್ನೇ ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕಾಗುತ್ತದೆ ಎಂದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಗುಂಡಿಗಳು ಆಂಡ್ರಾಯ್ಡ್‌ನ ಸಲಹೆಯಂತೆ 48 ಡಿಪಿಗಿಂತ (ಡಿಪಿ ಎಂದರೆ ಪರದೆಯ ಮೇಲಿನ ಗಾತ್ರವನ್ನು ಅಳೆಯುವ ಮಾನ) ಚಿಕ್ಕದಾಗದೆ, ಹೆಬ್ಬೆರಳಿಗೆ ಎಟುಕುವ ಕೆಳಭಾಗದಲ್ಲಿರಲಿ. ದರದ ಏರಿಳಿತವನ್ನು ಹಸಿರು, ಕೆಂಪು ಬಣ್ಣಗಳಿಂದ ಮಾತ್ರ ಹೇಳಬೇಡಿ. ಆ ಎರಡರ ಭೇದ ಕಾಣದವರಿಗಾಗಿ ಬಾಣದ ಗುರುತನ್ನೂ ‘ಏರಿದೆ’, ‘ಇಳಿದಿದೆ’ ಎಂಬ ಮಾತನ್ನೂ ಸೇರಿಸಿ.

ಕನ್ನಡ ಅಕ್ಷರಕ್ಕೆ ಜಾಗ

ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಪುಟದಲ್ಲಿ ಕನ್ನಡವನ್ನು ತುಂಬುವುದು ಎಲ್ಲೆಲ್ಲೂ ಕಾಣುವ ತಪ್ಪು, ಮತ್ತು ನನಗೆ ಬಹಳ ನೋವು ಕೊಡುವ ತಪ್ಪು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎತ್ತರ ನಿಗದಿಯಾದ ಗುಂಡಿಯಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ. ಗುಂಡಿಯ ಎತ್ತರ ಒಳಗಿನ ಮಾತಿಗೆ ತಕ್ಕಂತೆ ಬೆಳೆಯುವಂತಿರಲಿ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ. ಹೆಸರು ಬರೆಯುವ ಜಾಗಕ್ಕೆ ಅಕ್ಷರಗಳ ಮಿತಿ ಹಾಕುವಾಗಲೂ ಎಚ್ಚರ ಬೇಕು. ಕಣ್ಣಿಗೆ ಐದೇ ಅಕ್ಷರವಾಗಿ ಕಾಣುವ ‘ವಿರೂಪಾಕ್ಷಪ್ಪ’ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ 12 ಸಂಕೇತಗಳಾಗುತ್ತದೆ. ಮಿತಿ 10 ಎಂದಿದ್ದರೆ ಆ ಹೆಸರು ನಡುವೆಯೇ ತುಂಡಾಗುತ್ತದೆ. ಎಸ್‌ಎಂಎಸ್ ಕಳುಹಿಸುವುದಿದ್ದರೆ, ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಸಂಕೇತಗಳು ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ ಹಿಡಿಸುತ್ತವೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ದರವನ್ನು ಸಾಲಿನ ಆರಂಭದಲ್ಲೇ ಬರೆಯಿರಿ. ಹುಡುಕುವ ಜಾಗದಲ್ಲಿ ಶೇಂಗಾ ಎಂದರೂ ಕಡಲೆಕಾಯಿ ಎಂದರೂ ಒಂದೇ ಫಲಿತಾಂಶ ಬರಲಿ.

ತಪ್ಪಾದಾಗ ಕಾಣುವ ಮಾತು ಅತ್ಯಂತ ಸ್ಪಷ್ಟವಾಗಿರಬೇಕು. ‘ಅಮಾನ್ಯ ನಮೂದು’ ಎಂದರೆ ಯಾರಿಗೂ ದಾರಿ ತಿಳಿಯದು. ‘ಮೊಬೈಲ್ ಸಂಖ್ಯೆಗೆ 10 ಅಂಕಿ ಬೇಕು, ಇಲ್ಲಿ 9 ಇವೆ’ ಎಂದರೆ ಸರಿಪಡಿಸಬಹುದು. ಒಂದು ಅಂಕಿ ತಪ್ಪಿತೆಂದು ಉಳಿದ ವಿವರಗಳನ್ನೆಲ್ಲ ಅಳಿಸಿಬಿಡುವ ಅರ್ಜಿ ಬಳಸುವವರನ್ನು ಅವಮಾನಿಸಿದಂತೆ.

ನಂಬಿಕೆಯ ವಿಷಯವೂ ವಿನ್ಯಾಸದ ಭಾಗವೇ ಆಗಿದೆ. ‘ನನ್ನ ಸಂಖ್ಯೆಯನ್ನು ಇತರರಿಗೆ ಕೊಡಬಹುದು’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಡುವುದು, ಬೇಡವೆನ್ನುವ ದಾರಿಯನ್ನು ಅಡಗಿಸುವುದು ಇವೆಲ್ಲ ಮೋಸ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದಾರಿ ತಪ್ಪಿಸುವ ಇಂಥ 13 ಬಗೆಯ ವಿನ್ಯಾಸಗಳನ್ನು ಪಟ್ಟಿಮಾಡಿದೆ. ಅದನ್ನು ನಿಮ್ಮ ತಂಡದ ಎಲ್ಲರೂ ಓದಬೇಕು.

ಕೈಗೆ ಕೊಟ್ಟು ನೋಡಿ

ಪರೀಕ್ಷೆಗೆ ದೊಡ್ಡ ಗುಂಪು ಬೇಕಿಲ್ಲ. ಒಂದು ಸುತ್ತಿಗೆ ಐದು ಜನ ಸಾಕು, ಬಳಕೆಯ ತೊಡಕುಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ಕಾಣುತ್ತವೆ ಎಂದು ನೀಲ್ಸನ್ ವಾದಿಸಿದ್ದಾರೆ. ಆದರೆ ಆ ಮಾತು ಒಂದೇ ಬಗೆಯ ಬಳಕೆದಾರರಿಗೆ ಸಲ್ಲುವಂಥದು. ಭತ್ತ ಬೆಳೆಯುವವರು ಬೇರೆ, ಅಂಗಡಿಯ ಗುಮಾಸ್ತರು ಬೇರೆ, ಮನೆಯ ಲೆಕ್ಕ ನೋಡಿಕೊಳ್ಳುವ ಹೆಣ್ಣುಮಕ್ಕಳು ಬೇರೆ; ಪ್ರತಿ ಬಗೆಯಿಂದಲೂ ಕೆಲವರನ್ನು ಕರೆಯಿರಿ. ಅವರದೇ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತೇ ನೋಡಲಿ. ‘ಇಂದು ಗಂಗಾವತಿಯಲ್ಲಿ ಸೋನಾ ಮಸೂರಿ ದರ ಎಷ್ಟಿದೆ ನೋಡಿ ಹೇಳಿರಿ’ ಎಂದು ಒಂದು ಕೆಲಸ ಕೊಟ್ಟು ಸುಮ್ಮನಿರಿ. ಬೆರಳು ಎಲ್ಲಿ ತಡೆಯಿತು, ಎಲ್ಲಿ ತಪ್ಪಾಗಿ ಒತ್ತಿತು ಎಂಬುದನ್ನು ಬರೆದುಕೊಳ್ಳಿ. ‘ಚಲೋ ಐತ್ರಿ’ ಎಂಬ ಹೊಗಳಿಕೆಗಿಂತ ಆ ತಡೆದ ಬೆರಳೇ ನಿಮಗೆ ಹೆಚ್ಚು ಹೇಳುತ್ತದೆ. ಸಹಾಯ ಮಾಡಲು ಕೈ ಚಾಚಬೇಡಿ, ವಿವರಣೆ ಕೊಡಬೇಡಿ. ಆ್ಯಪ್ ಬಳಸುವ ದಿನ ನೀವು ಅವರ ಪಕ್ಕದಲ್ಲಿ ಇರುವುದಿಲ್ಲ. ದೃಷ್ಟಿದೋಷವುಳ್ಳವರಿಗಾಗಿ ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಆನ್ ಮಾಡಿ, ಪ್ರತಿ ಗುಂಡಿಯ ಹೆಸರೂ ಕನ್ನಡದಲ್ಲಿ ಕೇಳಿಬರುತ್ತದೆಯೇ ಎಂದು ಪರಿಶೀಲಿಸಿ.

ಕಂಡ ತೊಡಕುಗಳನ್ನು ತಿದ್ದಿ, ಬೇರೆ ಐದು ಜನರೊಂದಿಗೆ ಇನ್ನೊಂದು ಸುತ್ತು ಮಾಡಿ. ಈ ಕೆಲಸವನ್ನೆಲ್ಲ ಕೊಯ್ಲಿಗೆ ಮುಂಚೆಯೇ ಮುಗಿಸಿ. ಮಾಲು ಮಾರುಕಟ್ಟೆಗೆ ಬರತೊಡಗಿದ ಮೇಲೆ ಗುಂಡಿಗಳ ಜಾಗವನ್ನಾಗಲಿ ಪುಟಗಳ ಕ್ರಮವನ್ನಾಗಲಿ ಬದಲಿಸದೆ, ದೋಷಗಳನ್ನು ಮಾತ್ರ ಸರಿಪಡಿಸುತ್ತ, ಉಳಿದ ಬದಲಾವಣೆಗಳನ್ನು ಮುಂದಿನ ಹಂಗಾಮಿಗೆ ಬರೆದಿಟ್ಟುಕೊಳ್ಳಿ.