ಕಪ್ಪು ಬಟ್ಟೆಗೆ ಹತ್ತಿದ ಪುಡಿ

ಕಟ್ಟಡಗಳ ಗೋಡೆ, ಚಾವಣಿಗಳಿಗೆ ಲೋಹದ ಶೀಟು ಕೂರಿಸುವ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನು ಬಣ್ಣದ ಕಾರ್ಡು ನೋಡಿ ಮಾಲು ಆರಿಸುತ್ತಿದ್ದೆ. ಹಾಗೆ ಆರಿಸಿದ ಒಂದು ಕಡುಗೆಂಪು ಗೋಡೆಯನ್ನು ಕೆಲವು ವರ್ಷಗಳ ಮೇಲೆ ಮತ್ತೆ ನೋಡುವ ಪ್ರಸಂಗ ಬಂತು. ಸೂರಿನ ನೆರಳಿಗೆ ಸಿಕ್ಕಿದ್ದ ಒಂದು ಗೇಣು ಪಟ್ಟಿ ಮಾತ್ರ ಹೊಸದರಂತೆ ಕೆಂಪಗಿತ್ತು. ಅದರ ಕೆಳಗೆಲ್ಲ ಒಗೆದೊಗೆದು ಮಾಸಿದ ಬಟ್ಟೆಯ ಬಣ್ಣ. ಕೈಯಲ್ಲಿದ್ದ ಕಪ್ಪು ಬಟ್ಟೆಯಿಂದ ಒರೆಸಿದೆ. ಸೀಮೆಸುಣ್ಣದಂಥ ನಸುಗೆಂಪು ಪುಡಿ ಹತ್ತಿತು.

ಬಣ್ಣದ ಕಣಗಳನ್ನು ಹಿಡಿದಿಟ್ಟಿದ್ದ ರಾಳವನ್ನು ಬಿಸಿಲು ತಿಂದಿತ್ತು. ಆಮೇಲಿನಿಂದ ನನ್ನ ಮೊದಲ ಪ್ರಶ್ನೆ ರಾಳ ಯಾವುದು ಎಂಬುದೇ. ಸಾದಾ ಪಾಲಿಯೆಸ್ಟರ್ ಅಗ್ಗ. ಸಿಲಿಕೋನ್ ಬೆರೆಸಿದ ಪಾಲಿಯೆಸ್ಟರ್ ಗಟ್ಟಿ, ಸುಲಭಕ್ಕೆ ಗೀರು ಬೀಳದು. ಪಿವಿಡಿಎಫ್ ಎಂಬ ಫ್ಲೋರಿನ್ ಇರುವ ಪ್ಲಾಸ್ಟಿಕ್ ರಾಳ ಅದಕ್ಕಿಂತ ಮೃದು, ಸಾಗಿಸುವಾಗ ಜೋಪಾನ ಬೇಕು. ಆದರೆ ಬಣ್ಣ ಉಳಿಯಬೇಕಾದಲ್ಲಿ ನಾನು ಅದನ್ನೇ ಹಿಡಿಯುತ್ತೇನೆ. ಅದರ ಕಾರ್ಬನ್-ಫ್ಲೋರಿನ್ ಬಂಧವನ್ನು ಮುರಿಯುವುದು ಬಿಸಿಲಿಗೆ ಕಷ್ಟ. ಹೆಸರೊಂದೇ ಸಾಲದು, ರಾಳದಲ್ಲಿ ಅದರ ಪಾಲು 70% ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯುತ್ತೇನೆ. ದಕ್ಷಿಣ ಫ್ಲೋರಿಡಾದ ಬಿಸಿಲಿನಲ್ಲಿ 10 ವರ್ಷ ಇಟ್ಟು ನೋಡುವ, ಎಎಎಂಎ 2605 ಎಂಬ ಅಮೆರಿಕದ ಮಾನದಂಡದ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಇನ್ನೂ ನೆಮ್ಮದಿ. ಕಣಗಳೂ ಖನಿಜದವೇ ಆಗಿರಲಿ. ಐರನ್ ಆಕ್ಸೈಡಿನ ಮಣ್ಣುಗೆಂಪು ಬಾಳುವಷ್ಟು ಕಾಲ ಝಗಝಗಿಸುವ ಕೆಂಪು ಬಾಳುವುದಿಲ್ಲ.

ಇಷ್ಟಾದರೂ ಮೇಲಿನ ಬಣ್ಣ ಸಾಮಾನ್ಯವಾಗಿ 25 ಮೈಕ್ರಾನ್ ಆಸುಪಾಸಿನದು, ತಲೆಗೂದಲಿಗಿಂತ ತೆಳು. ಶೀಟಿನ ಉಕ್ಕನ್ನು ಕಾಯುವ ನಿಜವಾದ ಕಾವಲು ಅದರಡಿಯ ಲೋಹದ ಲೇಪನ. 55% ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತುವಿರುವ ಲೇಪನ ಬಯಲಿನಲ್ಲಿ ಬರಿಯ ಸತುವಿಗಿಂತ ಹೆಚ್ಚು ಬಾಳುತ್ತದೆ. ದನದ ಕೊಟ್ಟಿಗೆಗೆ ಮಾತ್ರ ಅದನ್ನು ಹಾಕುವುದಿಲ್ಲ, ಗಂಜಳದ ಅಮೋನಿಯಾಕ್ಕೂ ಅದಕ್ಕೂ ಆಗಿಬರುವುದಿಲ್ಲ. ಹಸಿ ಕಾಂಕ್ರೀಟು, ತಾಮ್ರದ ಕೊಳವೆ ಇವುಗಳಿಂದಲೂ ದೂರವೇ ಇಡುತ್ತೇನೆ.

ಒಂದು ತಪ್ಪು ಪೂರ್ತಿ ನನ್ನದೇ. ಹೊಚ್ಚಹೊಸ ಶೀಟುಗಳ ಪಕ್ಕದಲ್ಲೇ ಗ್ರೈಂಡರ್ ಹಿಡಿದು ಅಂಚು ಕತ್ತರಿಸಿದೆ. ಸಿಡಿದ ಕಿಡಿಗಳು ಬಣ್ಣದೊಳಗೆ ಹೂತು ಕೂತವು. ಮಂಜು ಬಿದ್ದ ಎರಡು ರಾತ್ರಿ ಕಳೆಯುವಷ್ಟರಲ್ಲಿ ಗೋಡೆಗೆ ಸಾಸಿವೆ ಎರಚಿದಂತೆ ತುಕ್ಕಿನ ಚುಕ್ಕೆಗಳು. ಈಗ ಕತ್ತರಿಯಿಂದಲೇ ಕತ್ತರಿಸುತ್ತೇನೆ, ಸ್ಕ್ರೂ ರಂಧ್ರದ ಲೋಹದ ಪುಡಿಯನ್ನು ಸಂಜೆಯೊಳಗೆ ಮೆತ್ತನೆಯ ಬ್ರಷ್ಷಿನಿಂದ ಗುಡಿಸುತ್ತೇನೆ.

ಪ್ರತಿ ಕೆಲಸದಲ್ಲೂ ಮಿಕ್ಕ ಒಂದು ತುಂಡನ್ನು ಡಬ್ಬಿಯೊಳಗೆ, ಕತ್ತಲಲ್ಲಿ ಎತ್ತಿಡುತ್ತೇನೆ. ವರ್ಷಕ್ಕೊಮ್ಮೆ ಅದನ್ನು ಒಯ್ದು ಗೋಡೆಯ ಪಕ್ಕ ಹಿಡಿದು ನೋಡುತ್ತೇನೆ. ಕಪ್ಪು ಬಟ್ಟೆ ಜೊತೆಗಿದ್ದೇ ಇರುತ್ತದೆ.