ಕಣ್ಣಿನ ಸುತ್ತ ಗಡ್ಡೆ: ಸೂಜಿ ಪರೀಕ್ಷೆ ಹೇಗೆ ಮಾಡುತ್ತಾರೆ?

ಕಣ್ಣಿನ ಹತ್ತಿರ ಸೂಜಿ ಅಂದ ಕೂಡಲೇ ಎದೆ ಝಲ್ಲೆನ್ನುತ್ತದೆ, ಅಲ್ವಾ? ಆ ಹೆದರಿಕೆಗೇ ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಆದರೆ ಎಫ್‌ಎನ್‌ಎಸಿ ಎನ್ನುವ, ಸಣ್ಣ ಸೂಜಿಯಿಂದ ಗಡ್ಡೆಯ ಜೀವಕಣಗಳನ್ನು ತೆಗೆದು ನೋಡುವ ಈ ಪರೀಕ್ಷೆಯಲ್ಲಿ ಸೂಜಿ ಹೋಗುವುದು ಗಡ್ಡೆಗೆ, ಕಣ್ಣುಗುಡ್ಡೆಗಲ್ಲ.

ಯಾರಿಗೆ ಬೇಕು?

ರೆಪ್ಪೆಯ ಮೇಲೆದ್ದ ಎಲ್ಲ ಕುರುವಿಗೂ ಬೇಡ. ಆದರೆ ವಯಸ್ಸಾದವರಲ್ಲಿ ಕುರು ತೆಗೆಸಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಎದ್ದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಬಿಸಿ ಬಟ್ಟೆ ಒತ್ತಿಕೊಂಡು ಸುಮ್ನೆ ಕೂರಬೇಡಿ. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ನೋಡಲು ಕುರುವಿನಂತೆಯೇ ಇರುತ್ತದೆ. ಅಮೆರಿಕ, ಯುರೋಪುಗಳಲ್ಲಿ ಇದು ಅಪರೂಪ. ನಮ್ಮಲ್ಲಿ ರೆಪ್ಪೆಯ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಜಾಸ್ತಿ.

ಒಂದು ಕಣ್ಣು ಮುಂದಕ್ಕೆ ಉಬ್ಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಗಡ್ಡೆ ಕಣ್ಣಿನ ಹಿಂದಿರಬಹುದು. ಆಗ ಮೊದಲು ಸ್ಕ್ಯಾನ್. ರಕ್ತನಾಳಗಳದ್ದೇ ಗಂಟಾಗಿದ್ದರೆ ಚುಚ್ಚಿದಾಗ ಒಳಗೆ ರಕ್ತ ತುಂಬಿ ಕಣ್ಣಿನ ನರವನ್ನು ಒತ್ತುವ ಅಪಾಯವಿದೆ. ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ನುಂಗುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಮೇಜಿನ ಮೇಲೆ

ರೆಪ್ಪೆಯ ಗಡ್ಡೆಯಾದರೆ ಹೆಚ್ಚಿನ ತಯಾರಿ ಇಲ್ಲ. ಮಲಗಿಸಿ, ಕಣ್ಣಿಗೆ ಮರಗಟ್ಟುವ ಹನಿ ಹಾಕುತ್ತಾರೆ. ಜಾಗ ಒರೆಸಿ, ಗಡ್ಡೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣುಗುಡ್ಡೆಯಿಂದ ಆಚೆಗೆ ಎಳೆಯುತ್ತಾರೆ. ಸೂಜಿಯ ಮೊನೆ ಯಾವಾಗಲೂ ಕಣ್ಣಿಗೆ ಅಡ್ಡವಾಗಿರುತ್ತದೆ, ಕಣ್ಣಿನ ಕಡೆಗೆ ತಿರುಗಿರುವುದಿಲ್ಲ. 25 ಗೇಜಿನ ಸೂಜಿಯಾದರೆ ದಪ್ಪ ಅರ್ಧ ಮಿಲಿಮೀಟರ್ ಮಾತ್ರ.

ಗಡ್ಡೆಯೊಳಗೆ ಸೂಜಿಯನ್ನು ನಾಲ್ಕಾರು ಸಲ ಹಿಂದೆಮುಂದೆ ಆಡಿಸುತ್ತಾರೆ. ಕೆಲವರು ಸಿರಿಂಜ್ ಹಾಕಿ ಎಳೆಯುತ್ತಾರೆ, ಕೆಲವರು ಬರೀ ಸೂಜಿಯಲ್ಲೇ ಮುಗಿಸುತ್ತಾರೆ. ಎಳೆಯದಿದ್ದರೂ ಸಣ್ಣ ಕೊಳವೆಯಂಥ ಸೂಜಿಯೊಳಗೆ ಕಣಗಳು ತಾವಾಗಿಯೇ ಏರುತ್ತವೆ. 1980ರ ದಶಕದಲ್ಲಿ ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯ ವೈದ್ಯರು ಈ ಎಳೆಯದ ವಿಧಾನದ ಬಗ್ಗೆ ಬರೆದರು. ಇದರಲ್ಲಿ ರಕ್ತ ಬೆರೆಯುವುದು ಕಡಿಮೆ. ರೆಪ್ಪೆಯಂಥ ನಾಜೂಕು ಜಾಗಕ್ಕೆ ನನಗೆ ಇದೇ ಮೇಲು ಅನಿಸುತ್ತದೆ. ಆಳದ ಗಡ್ಡೆಗೆ ಸಿಟಿ ಅಥವಾ ಅಲ್ಟ್ರಾಸೌಂಡ್‌ನಲ್ಲಿ ದಾರಿ ನೋಡಿಕೊಂಡು ಚುಚ್ಚುತ್ತಾರೆ.

ಸೂಜಿ ಹೊರಬಂದ ಮೇಲೆ ಕೈ ಚುರುಕಾಗಬೇಕು. ಬರುವುದು ಒಂದು ಪುಟ್ಟ ತೊಟ್ಟು. ಅದನ್ನು ಗಾಜಿನ ಮೇಲೆ ಬಿಟ್ಟು, ಇನ್ನೊಂದು ಗಾಜು ಹಗುರಾಗಿ ಇಟ್ಟು, ಒಂದೇ ಸಲ ಎಳೆಯುತ್ತಾರೆ. ಜೋರಾಗಿ ಒತ್ತಿದರೆ ಕಣಗಳು ನಜ್ಜುಗುಜ್ಜು. ಒಂದು ಗಾಜನ್ನು ಗಾಳಿಯಲ್ಲಿ ಒಣಗಿಸಿ, ಇನ್ನೊಂದನ್ನು ಹಸಿ ಇರುವಾಗಲೇ ಆಲ್ಕೋಹಾಲ್‌ನಲ್ಲಿ ಅದ್ದುತ್ತಾರೆ. ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಕಪ್ಪು ಕಟ್ಟಿದರೂ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಜೋರು ನೋವು, ಊತ, ಮಸುಕು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ.

ಎಲ್ಲಿ ಚುಚ್ಚಬಾರದು?

‘ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ’ ಎಂಬ ಮಾತಿದೆ. ರೆಪ್ಪೆಯ ಗಡ್ಡೆಗೆ ಸಣ್ಣ ಸೂಜಿ ಹಾಕಿದಾಗ ಹಾಗಾಗುವುದು ಬಲು ಅಪರೂಪ. ಆದರೆ ಒಂದು ಕಡೆ ಆ ಭಯ ನಿಜ. ಅದು ಪುಟ್ಟ ಮಕ್ಕಳ ಕಣ್ಣಿನೊಳಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್. ಫೋಟೋದಲ್ಲಿ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆಯುತ್ತದಲ್ಲ, ಅದು ಇದರ ಗುರುತಾಗಿರಬಹುದು. ಇಲ್ಲಿ ಸೂಜಿ ಹಾಕಿದರೆ ಕಣಗಳು ಕಣ್ಣಿನಿಂದ ಆಚೆ ಬರಬಹುದು. ಹಾಗಾಗಿ ಮಗುವಿಗೆ ಅರಿವಳಿಕೆ ಕೊಟ್ಟು ಕಣ್ಣು ನೋಡಿ, ಸ್ಕ್ಯಾನ್ ಮಾಡಿಯೇ ತೀರ್ಮಾನಿಸುತ್ತಾರೆ.

ವರದಿ ಬಂದಾಗ

‘ಕ್ಯಾನ್ಸರ್ ಕಣ ಕಂಡಿಲ್ಲ’ ಎಂದರೆ ಕ್ಯಾನ್ಸರ್ ಇಲ್ಲವೇ ಇಲ್ಲ ಎಂದಲ್ಲ. ಸೂಜಿ ಪಕ್ಕದ ಜಾಗದಿಂದ ಕಣ ತಂದಿರಬಹುದು. ಗಡ್ಡೆ ಬೆಳೆಯುತ್ತಲೇ ಇದ್ದರೆ ತುಂಡು ತೆಗೆದು ಬಯಾಪ್ಸಿ ಮಾಡಲೇಬೇಕು. ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್, ಇರುವ ಅನುಮಾನವಿದ್ದರೂ ಅಷ್ಟೇ, ಅದು ಯಾವ ಬಗೆ ಎಂದು ಹೇಳಲು ಒಂದು ತೊಟ್ಟು ಕಣ ಹೆಚ್ಚಾಗಿ ಸಾಲುವುದಿಲ್ಲ.

ಬೇರೆ ಆಸ್ಪತ್ರೆಗೆ ಹೋಗುವುದಾದರೆ ವರದಿಯ ಜೊತೆ ಆ ಗಾಜುಗಳನ್ನೂ ಕೇಳಿ ತಗೊಳ್ಳಿ. ಅಲ್ಲಿನ ಪೆಥಾಲಜಿಸ್ಟ್ ಅವನ್ನೇ ಮತ್ತೆ ನೋಡಬಹುದು. ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದು ತಪ್ಪೀತು.