ಗೈಡ್ ಕ್ಯಾಪ್ಟನ್ ಆಗಿ ನಾನು ಕಲಿತಿದ್ದು: ಕೈ ಕಟ್ಕೊಂಡು ನಿಲ್ಲೋ ಕೆಲಸ

ನಾನು ದಾವಣಗೆರೆಲಿ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಶ್ ಕೌಂಟರಲ್ಲಿ ಕೂರೋಳು. ಭಾನುವಾರ ಬೆಳಗ್ಗೆ ಏಳೂವರೆಗೆ ಮಾತ್ರ ಸ್ಕಾರ್ಫ್ ಹಾಕ್ಕೊಂಡು, ವಿಷಲ್ ತಗೊಂಡು ಗೈಡ್ ಕ್ಯಾಪ್ಟನ್, ಅಂದ್ರೆ ಸ್ಕೌಟ್ಸ್ ಗೈಡ್ಸ್‌ನಲ್ಲಿ ಹುಡುಗೀರ ದಳ ನಡೆಸೋಳು, ಆಗ್ತೀನಿ. 2014ರಲ್ಲಿ ಶುರು ಮಾಡಿದ್ದು, ಇವತ್ತಿಗೂ ನಡೀತಿದೆ. ಸಂಬಳ ಇಲ್ಲ, ಭತ್ಯೆ ಇಲ್ಲ. ಹೊಸಬರು ಯಾರಾದ್ರೂ ಬಂದು "ಅಕ್ಕ, ಇದನ್ನ ಹೆಂಗೆ ಮಾಡ್ತೀರಿ" ಅಂತ ಕೇಳಿದಾಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅನ್ನಿಸ್ತು.

ನಾನು ಶಾಲೇಲಿದ್ದಾಗ ಗೈಡ್ ಆಗಿದ್ದೆ. ಗೈಡ್‌ಗಳು ಒಂದೊಂದಾಗಿ ಹತ್ತೋ ಮೆಟ್ಟಿಲಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ತನಕ ಆಯ್ತು, ತೃತೀಯಕ್ಕೆ ಕ್ಯಾಂಪಿಗೆ ಹೋಗಬೇಕು ಅಂದಾಗ ಅಪ್ಪ ಒಪ್ಪಲಿಲ್ಲ. "ಹೆಣ್ಮಗು ರಾತ್ರಿ ಟೆಂಟಲ್ಲಿ ಮಲಗೋದು ಅಂದ್ರೇನು" ಅಂದ್ರು, ಅಲ್ಲಿಗೆ ನಿಂತೋಯ್ತು. ಆ ಸ್ಕಾರ್ಫು ಟ್ರಂಕಲ್ಲೇ ಉಳೀತು. ಮದುವೆ ಆಗಿ ಮಗಳು ಮೂರನೇ ಕ್ಲಾಸಿಗೆ ಬಂದ ಮೇಲೆ, ನಮ್ಮ ಬೀದೀಲಿದ್ದ ರಿಟೈರ್ಡ್ ಟೀಚರ್ ಒಬ್ರು, ಅವರೊಂದು ಓಪನ್ ದಳ ನಡೆಸ್ತಿದ್ರು, "ನೀನು ಗೈಡ್ ಆಗಿದ್ದೋಳಲ್ಲೇನೆ, ಭಾನುವಾರ ಖಾಲಿ ಇರ್ತೀಯಲ್ಲ, ಬಾ" ಅಂತ ಕರೆದ್ರು. ಸಾಮಾನ್ಯವಾಗಿ ನಮ್ಮಲ್ಲಿ ಸ್ಕೌಟ್ ಗೈಡ್ ಅಂದ್ರೆ ಶಾಲೆಯದ್ದು, ಟೀಚರ್ರೇ ನಡೆಸೋದು ಅಂತ ಎಲ್ಲರೂ ತಿಳ್ಕೊಂಡಿದಾರೆ. ಓಪನ್ ದಳಕ್ಕೆ ಯಾವ ಶಾಲೆ ಮಕ್ಕಳಾದ್ರೂ ಬರಬಹುದು, ಲೀಡರ್ ಆಗೋರು ಟೀಚರ್ರೇ ಆಗಿರಬೇಕು ಅಂತೇನಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಗೊತ್ತಿದ್ರೆ ಇನ್ನೊಂದಿಷ್ಟು ಜನ ಬರ್ತಿದ್ರು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ.

ಚಿಕ್ಕವರು ಬುಲ್‌ಬುಲ್, ಹತ್ತು ವರ್ಷದ ಮೇಲೆ ಗೈಡ್, ಕಾಲೇಜಿಗೆ ಹೋದ್ರೆ ರೇಂಜರ್. ನನಗೆ ಸಿಕ್ಕಿದ್ದು ಗೈಡ್ ವಯಸ್ಸಿನ 22 ಹುಡುಗೀರು, ಮೂರು ಪ್ಯಾಟ್ರೋಲು, ಅಂದ್ರೆ ಏಳೆಂಟು ಜನರ ಸಣ್ಣ ಗುಂಪು: ಮಲ್ಲಿಗೆ, ಸಂಪಿಗೆ, ಸೂರ್ಯಕಾಂತಿ.

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಮುಂದೆ ನಿಂತು, ಕೈಯಲ್ಲಿ ಹಗ್ಗ ಹಿಡಿದು, "ಎಲ್ಲರೂ ಇಲ್ನೋಡಿ, ಇದು ಕ್ಲೋವ್ ಹಿಚ್ ಗಂಟು" ಅಂತ ಶುರು ಮಾಡ್ತಿದ್ದೆ. ಮುಂದಿನ ಸಾಲಿನ ನಾಲ್ಕು ಜನಕ್ಕೆ ಕಾಣ್ತಿತ್ತು, ಉಳಿದೋರು ಹುಲ್ಲು ಕೀಳ್ತಾ ಕೂತಿರ್ತಿದ್ರು. ಪ್ಯಾಟ್ರೋಲ್ ಲೀಡರ್ ಅಂತ ಮೂರು ಜನ ಇದ್ರು, ಅವರ ಕೆಲಸ ಏನು ಅಂದ್ರೆ ಹಾಜರಿ ಹೇಳೋದು ಅಷ್ಟೇ. ಹಿರಿಯ ಕ್ಯಾಪ್ಟನ್ ಮೇಡಂ ಒಂದು ಮಾತೂ ಬೈಲಿಲ್ಲ, ಒಂದಿನ ಮನೆಗೆ ಹೋಗ್ತಾ ದಾರೀಲಿ, "ಇವತ್ತು ಪ್ಯಾಟ್ರೋಲ್ ಲೀಡರ್‌ಗಳು ಏನು ಮಾಡಿದ್ರು ಹೇಳು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಬೇಸಿಕ್ ಕೋರ್ಸಿಗೆ ದೊಡ್ಡಬಳ್ಳಾಪುರಕ್ಕೆ ಹೋದೆ, ಅಲ್ಲಿ ಡಾ. ಆನಿ ಬೆಸೆಂಟ್ ಪಾರ್ಕ್ ಅಂತ ರಾಜ್ಯದ ತರಬೇತಿ ಕೇಂದ್ರ ಇದೆ. ಏಳು ದಿನದ ಕೋರ್ಸು. ಆಫೀಸಲ್ಲಿ ನನ್ನ ಗಳಿಕೆ ರಜೆ ಹಾಕ್ಕೊಂಡು ಹೋಗಬೇಕಾಯ್ತು, ಸಹಿ ಮಾಡೋವಾಗ ಮುಖ ಸಿಂಡರಿಸಿದ್ರು, ಇರಲಿ. ಅಲ್ಲಿ ನಮ್ಮನ್ನೇ ಮಕ್ಕಳ ಹಾಗೆ ಪ್ಯಾಟ್ರೋಲ್ ಮಾಡಿದ್ರು. ಐವತ್ತು ದಾಟಿದ ಟೀಚರಮ್ಮನೂ ಇದ್ರು, ಬೀದರ್ ಕಡೆಯೋರು, ಅವರು ನಮ್ಮ ಪ್ಯಾಟ್ರೋಲ್ ಲೀಡರ್. ಬೆಳಗ್ಗೆ ಎದ್ದು ಬಿ.ಪಿ. ವ್ಯಾಯಾಮ (ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಹೆಸರಿನ ಕಸರತ್ತು), ಇನ್ಸ್‌ಪೆಕ್ಷನ್, ತಟ್ಟೆ ಲೋಟ ಚಮಚ ಸಾಲಾಗಿ ಇಡಬೇಕು. ಎರಡನೇ ದಿನ ನಾವು ಟೆಂಟ್ ಹಾಕಿದ್ವಿ, ಬಾಗಿಲು ಗಾಳಿಗೆ ಎದುರಾಗಿ ಇಟ್ಟಿದ್ವಿ. ಟ್ರೈನರ್ ಮೇಡಂ ಅಲ್ಲೇ ನಿಂತು ನೋಡ್ತಿದ್ರು, ಒಂದೂ ಮಾತಾಡಲಿಲ್ಲ. ರಾತ್ರಿಯೆಲ್ಲ ಧೂಳು ಒಳಗೆ ಬಡೀತು. ಬೆಳಗ್ಗೆ ಬಂದು ಕೇಳಿದ್ದು ಒಂದೇ: "ಗಾಳಿ ಯಾವ ಕಡೆಯಿಂದ ಬರ್ತಿದೆ?" ಆ ಬೆಳಗ್ಗೆ ನಾವು ಎಂಟು ಜನ ಸೇರಿ ಟೆಂಟು ತಿರುಗಿಸಿದ್ದು ನನಗೆ ಇನ್ನೂ ನೆನಪಿದೆ. ಹಿಂದಿನ ದಿನವೇ ಹೇಳಿಬಿಟ್ಟಿದ್ರೆ ಒಂದು ವಾರದಲ್ಲಿ ಮರೀತಿದ್ದೆ.

ಇದೇನು ಹೊಸ ವಿದ್ಯೆ ಅಲ್ಲ. 1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ 20 ಹುಡುಗರನ್ನ ಕರ್ಕೊಂಡು ಹೋದಾಗಲೇ ಅವರನ್ನ ನಾಲ್ಕು ಪ್ಯಾಟ್ರೋಲ್ ಮಾಡಿ, ಒಬ್ಬೊಬ್ಬ ಲೀಡರ್ ಕೈಗೆ ಒಪ್ಪಿಸಿದ್ರು. ನಮ್ಮ ದೇಶದಲ್ಲಿ ಮೊದಲ ಸ್ಕೌಟ್ ದಳ 1909ರಲ್ಲಿ ಶುರುವಾಗಿದ್ದು ಬೆಂಗಳೂರಲ್ಲೇ, ಆಗ ಯುರೋಪಿಯನ್ ಮತ್ತೆ ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಜಾಗ, ಭಾರತೀಯ ಮಕ್ಕಳಿಗೂ ಬಾಗಿಲು ತೆರೆಯೋಕೆ ದುಡಿದೋರಲ್ಲಿ ಆನಿ ಬೆಸೆಂಟ್ ಒಬ್ರು, ಅದಕ್ಕೇ ಆ ಕೇಂದ್ರಕ್ಕೆ ಅವರ ಹೆಸರು. ಇಷ್ಟು ವರ್ಷದಲ್ಲಿ ಯೂನಿಫಾರ್ಮ್ ಬದಲಾಗಿದೆ, ಸಿಲೆಬಸ್ ಬದಲಾಗಿದೆ, ಪ್ಯಾಟ್ರೋಲ್ ಮಾತ್ರ ಹಾಗೇ ಇದೆ, ಯಾಕೆ ಅನ್ನೋದು ನನಗೆ ಆ ಏಳು ದಿನದಲ್ಲಿ ಅರ್ಥ ಆಯ್ತು.

ವಾಪಸ್ ಬಂದು ಮೊದಲು ಮಾಡಿದ್ದು ಬುಧವಾರದ ಮೀಟಿಂಗ್. ಸಂಜೆ ಆರಕ್ಕೆ ನಮ್ಮನೆ ಜಗಲೀಲಿ ಮೂರು ಪ್ಯಾಟ್ರೋಲ್ ಲೀಡರ್, ಮೂರು ಸೆಕೆಂಡ್, ಅಂದ್ರೆ ಅವರ ಸಹಾಯಕರು, ಆರೇ ಜನ. ಮಂಡಕ್ಕಿ ಒಗ್ಗರಣೆ, ಟೀ, ಅರ್ಧ ಗಂಟೆ. ಭಾನುವಾರ ಏನು ಕಲಿಸಬೇಕೋ ಅದನ್ನ ಈ ಆರು ಜನಕ್ಕೆ ಮಾತ್ರ ಕಲಿಸ್ತೀನಿ, ಭಾನುವಾರ ಅವರು ತಮ್ಮ ತಮ್ಮ ಪ್ಯಾಟ್ರೋಲಿಗೆ ಕಲಿಸ್ತಾರೆ. ನಾನು ಮರದ ಕೆಳಗೆ ನಿಂತಿರ್ತೀನಿ. ಮೊದಮೊದಲು ಎದೆ ಹೊಡ್ಕೊಳ್ಳುತ್ತೆ, ಯಾಕಂದ್ರೆ ಹನ್ನೆರಡು ವರ್ಷದ ಹುಡುಗಿ ರೀಫ್ ನಾಟ್ ಬದಲು ಗ್ರ್ಯಾನಿ ನಾಟ್ ಕಲಿಸ್ತಿರೋದು ಕಣ್ಣಿಗೆ ಕಾಣ್ತಿರುತ್ತೆ, ಆದ್ರೂ ನಾನು ಹೋಗಲ್ಲ. ಆ ಗಂಟು ಎಳೆದಾಗ ಜಾರುತ್ತೆ, ಆಗ ಆ ಏಳು ಜನವೇ "ಅಯ್ಯೋ ಇದು ನಿಲ್ತಿಲ್ವಲ್ಲ" ಅಂತ ತಲೆ ಸೇರಿಸಿ ನೋಡ್ತಾರೆ. ಮುಂದಿನ ಬುಧವಾರ ಅವಳೇ ಕೇಳ್ತಾಳೆ, "ಅಕ್ಕ, ಎಡಗೈದು ಮೇಲೆ ಬರಬೇಕಾ, ಬಲಗೈದಾ?"

ಈಗ ಟೆಂಟಿನ ವಿಷಯ. ಇದನ್ನ ಉದ್ದಕ್ಕೆ ಹೇಳ್ತೀನಿ, ನನಗೆ ಜಾಸ್ತಿ ಕಲಿಸಿದ್ದು ಇದೇ.

ದಸರಾ ರಜೇಲಿ ನಮ್ಮ ಮೊದಲ ರಾತ್ರಿ ಕ್ಯಾಂಪು, ಕೊಂಡಜ್ಜೀಲಿ. ದಾವಣಗೆರೆ ಹರಿಹರ ಕಡೆಯೋರಿಗೆ ಗೊತ್ತಿರುತ್ತೆ, ಕೆರೆ, ಸುತ್ತ ಗುಡ್ಡ, ಸ್ಕೌಟ್ ಕ್ಯಾಂಪಿಗೆ ಹೇಳಿ ಮಾಡಿಸಿದ ಜಾಗ. ನಮ್ಮ ಹತ್ರ ಇದ್ದಿದ್ದು ಹಳೇ ಬಟ್ಟೆ ಟೆಂಟು, ನೂಲಿನ ಹಗ್ಗ. ನೂಲಿನ ಹಗ್ಗ ನೆನೆದ್ರೆ ಕುಗ್ಗುತ್ತೆ, ನೈಲಾನಿನ ಹಾಗಲ್ಲ. ರಾತ್ರಿ ಮಲಗೋ ಮುಂಚೆ ಹಗ್ಗ ಸ್ವಲ್ಪ ಸಡಿಲ ಬಿಡಬೇಕು, ಇಲ್ಲಾಂದ್ರೆ ಮಳೆಗೋ ಮಂಜಿಗೋ ಬಿಗಿದು ಬಿಗಿದು ಒಂದೋ ಗೂಟ ಕಿತ್ತು ಬರುತ್ತೆ, ಇಲ್ಲಾ ಟೆಂಟಿನ ಕಣ್ಣು, ಹಗ್ಗ ಪೋಣಿಸೋ ತೂತು, ಹರಿಯುತ್ತೆ. ಬುಧವಾರ ಲೀಡರ್‌ಗಳಿಗೆ ಹೇಳಿದ್ದೆ. ಅವರು ಹೂಂ ಅಂದಿದ್ರು. ರಾತ್ರಿ ಕ್ಯಾಂಪ್ ಫೈರ್ ಮುಗಿಸಿ, ಹಾಡಿ ಕುಣಿದು ಸುಸ್ತಾಗಿ ಎಲ್ಲರೂ ಮಲಗಿಬಿಟ್ರು, ಒಬ್ಬರೂ ಸಡಿಲ ಮಾಡಲಿಲ್ಲ.

ಎರಡು ಗಂಟೆ ಹೊತ್ತಿಗೆ ಹಿಂಗಾರು ಮಳೆ ಶುರುವಾಯ್ತು. ನಾನು ಟಾರ್ಚ್ ಹಿಡ್ಕೊಂಡು ಎದ್ದು ಓಡಿದೆ. ಮಲ್ಲಿಗೆ ಟೆಂಟಿನ ಹಗ್ಗ ಮುಟ್ಟಿದ್ರೆ ತಂಬೂರಿ ತಂತಿ ಹಾಗೆ ಬಿಗಿದಿತ್ತು, ಒಂದೊಂದೇ ಸಡಿಲ ಮಾಡಿದೆ. ಸೂರ್ಯಕಾಂತೀದೂ ಮಾಡಿದೆ. ಸಂಪಿಗೆ ಟೆಂಟಿಗೆ ಹೋಗೋ ಹೊತ್ತಿಗೆ ಎರಡು ಗೂಟ ಕಿತ್ತು, ಟೆಂಟು ಮೆಲ್ಲಗೆ ಆ ಏಳು ಜನರ ಮೇಲೆ ಮಲಗಿತ್ತು, ಒಳಗಿಂದ ಕಿರುಚಾಟ. ಯಾರಿಗೂ ಏನೂ ಆಗಲಿಲ್ಲ, ಕಂಬಳಿ ಒದ್ದೆ, ಅಷ್ಟೇ. ಎಲ್ಲರನ್ನೂ ಅಲ್ಲಿನ ಹಾಲ್ ಒಳಗೆ ಕರ್ಕೊಂಡು ಹೋಗಿ ಟವೆಲ್ ಕೊಟ್ಟು, ಬಿಸಿ ಬಿಸಿ ಕಷಾಯ ಕುಡಿಸಿ ಮಲಗಿಸಿದ್ವಿ.

ಮಾರನೇ ವರ್ಷ ಡಿಸೆಂಬರಲ್ಲಿ ಅದೇ ಜಾಗಕ್ಕೆ ಹೋದ್ವಿ. ಮಳೆ ಇರಲಿಲ್ಲ, ಮಂಜು. ಸಂಜೆ ಧ್ವಜ ಇಳಿಸಿದ ತಕ್ಷಣ ಸಂಪಿಗೆ ಹುಡುಗೀರು, ನಾನು ಹೇಳೋ ಮುಂಚೆನೇ, ಟೆಂಟಿನ ಸುತ್ತ ಕೂತು ಹಗ್ಗ ಸಡಿಲ ಮಾಡ್ತಿದ್ರು, ಹೊಸದಾಗಿ ಸೇರಿದ ಚಿಕ್ಕೋಳಿಗೆ ಹಳೇ ಕಥೆ ಹೇಳ್ತಾ ಹೇಳ್ತಾ. ಮಲ್ಲಿಗೆ, ಸೂರ್ಯಕಾಂತಿ? ಆ ಕಡೆ ತಿರುಗಿಯೂ ನೋಡಲಿಲ್ಲ. ಬೆಳಗ್ಗೆ ಮಲ್ಲಿಗೆ ಟೆಂಟಿನ ಒಂದು ಕಣ್ಣು ಹರಿದಿತ್ತು.

ನಾನು ಕಾಫಿ ಲೋಟ ಹಿಡ್ಕೊಂಡು ಆ ಹರಿದ ಜಾಗ ನೋಡ್ತಾ ತುಂಬಾ ಹೊತ್ತು ನಿಂತೆ. ಯಾವ ಎರಡು ಪ್ಯಾಟ್ರೋಲಿಗೆ ನಾನು ರಾತ್ರೋರಾತ್ರಿ ಸಹಾಯ ಮಾಡಿದ್ನೋ ಆ ಎರಡೇ ಕಲಿತಿರಲಿಲ್ಲ. ಅವರಿಗೆ ಹಗ್ಗ ಬಿಗಿದಿತ್ತು ಅನ್ನೋದೇ ಗೊತ್ತಿರಲಿಲ್ಲ, ಪಾಪ. ಆ ರಾತ್ರಿ ಅವರ ಲೀಡರನ್ನ ಎಬ್ಬಿಸಿ, ಟಾರ್ಚ್ ಅವಳ ಕೈಗೆ ಕೊಟ್ಟು "ನೋಡೇ ಹಗ್ಗ ಹೆಂಗಾಗಿದೆ" ಅಂದಿದ್ರೆ ಸಾಕಿತ್ತು. ಅವತ್ತಿಂದ ಹಾಗೇ ಮಾಡೋದು.

ಹಂಗಂತ ಎಲ್ಲಾದಕ್ಕೂ ಕೈ ಕಟ್ಕೊಂಡು ನಿಲ್ಲೋಕಾಗಲ್ಲ. ನೀರು, ಬೆಂಕಿ, ಕೊಡಲಿ, ರಸ್ತೆ, ಹುಷಾರಿಲ್ಲದ ಮಗು, ಇವುಗಳಲ್ಲಿ ದೊಡ್ಡೋರ ಮಾತೇ ಕೊನೆ. ಕೆರೆ ಹತ್ರ ನಾನಿಲ್ಲದೆ ಯಾರೂ ಹೋಗಂಗಿಲ್ಲ, ಒಲೆ ಹತ್ರ ದುಪಟ್ಟಾ ಹಾರಾಡಂಗಿಲ್ಲ. ಅನ್ನ ಅರೆಬೆಂದಿದ್ರೆ ತಿನ್ನಲಿ, ಕೈ ಸುಟ್ಕೊಳ್ಳೋದು ಬೇಡ. ಮೂರು ಕಲ್ಲು ಒಲೇಲಿ ಸೂರ್ಯಕಾಂತಿಯೋರು ಮಾಡಿದ ಮೊದಲ ಉಪ್ಪಿಟ್ಟು ಕೆಳಗೆ ಸೀದು ಮೇಲೆ ಹಸಿ ಇತ್ತು, ಎಲ್ಲರೂ ತಿಂದ್ವಿ, ನಾನೂ ತಿಂದೆ. ಮಧ್ಯಾಹ್ನ ಅವರೇ ಸೌದೆ ಸಣ್ಣಗೆ ಸೀಳ್ಕೊಂಡ್ರು.

ಅಪ್ಪ ಅಮ್ಮಂದಿರ ಹತ್ರ ಮಾತಾಡೋದೇ ಈ ಕೆಲಸದ ಅರ್ಧ. ಕ್ಯಾಂಪಿಗೆ ಒಂದು ತಿಂಗಳು ಮುಂಚೆ ನಾನು ಪ್ರತಿ ಮನೆಗೆ ಹೋಗ್ತೀನಿ, ಫೋನಲ್ಲಿ ಅಲ್ಲ. ನಮ್ಮಪ್ಪ ಬೇಡ ಅಂದಿದ್ದು ನೆನಪಿದೆಯಲ್ಲ, ಅದಕ್ಕೆ ಅವರ ಭಯಾನ ನಾನು ಸಣ್ಣದು ಮಾಡಲ್ಲ. ಅಪ್ಪಂದಿರು ಕೇಳೋದು ರಾತ್ರಿ ಯಾರಿರ್ತಾರೆ ಅಂತ, ಅಮ್ಮಂದಿರು ಅಡುಗೆಮನೆಗೆ ಕರ್ಕೊಂಡು ಹೋಗಿ ಮೆಲ್ಲಗೆ ಕೇಳೋದು ಟಾಯ್ಲೆಟ್ ಹೆಂಗೆ, ಅವಳಿಗೆ ಆ ದಿನ ಬಂದ್ರೆ ಏನು ಮಾಡ್ತೀರಿ ಅಂತ. ಎಲ್ಲದಕ್ಕೂ ನೇರ ಉತ್ತರ ಕೊಡ್ತೀನಿ. ಯಾವಾಗ್ಲೂ ಇಬ್ಬರು ಹೆಂಗಸರು ಇರಲೇಬೇಕು, ಒಬ್ಬರಿದ್ರೆ ಕ್ಯಾಂಪ್ ಕ್ಯಾನ್ಸಲ್. ದೊಡ್ಡೋರ ಟೆಂಟ್ ಬೇರೆ, ಪಕ್ಕದಲ್ಲೇ. ಒಂದು ಮಗು ಜೊತೆ ದೊಡ್ಡೋರು ಒಬ್ಬರೇ ಮುಚ್ಚಿದ ಜಾಗದಲ್ಲಿ ಇರಂಗಿಲ್ಲ, ಅದು ನಾನಾದ್ರೂ ಅಷ್ಟೇ. ಪ್ರತಿ ಪ್ಯಾಟ್ರೋಲಿನ ಫಸ್ಟ್ ಏಡ್ ಪೆಟ್ಟಿಗೇಲಿ ಪ್ಯಾಡ್, ಹಳೇ ಪೇಪರ್, ಒಂದು ಹೆಚ್ಚಿನ ಒಳ ಉಡುಪು ಇರುತ್ತೆ, ಲೀಡರ್‌ಗೆ ಗೊತ್ತಿರುತ್ತೆ. ಒಂದ್ಸಲ ಹನ್ನೊಂದು ವರ್ಷದ ಮಗೂಗೆ ಕ್ಯಾಂಪಲ್ಲೇ ಮೊದಲ ಸಲ ಆಯ್ತು, ನನಗೆ ಗೊತ್ತಾಗೋ ಹೊತ್ತಿಗೆ ಅವಳ ಪ್ಯಾಟ್ರೋಲ್ ಲೀಡರ್ ಎಲ್ಲ ನೋಡ್ಕೊಂಡು, ಬಿಸಿನೀರು ಕೊಟ್ಟು, ಪಾತ್ರೆ ಡ್ಯೂಟಿ ಬೇರೆಯವಳಿಗೆ ಹಾಕಿದ್ಲು. ಆ ಮಗೂನ ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರು ಅತ್ತುಬಿಟ್ರು, ಈಗ ನಮ್ಮ ಜೊತೆ ಕ್ಯಾಂಪಿಗೆ ಬರೋ ಎರಡನೇ ಹೆಂಗಸು ಅವರೇ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹಗ್ಗ ಮಂಡಿಪೇಟೇಲಿ ಕಟ್ಟುಗಟ್ಟಲೆ ತಗೊಂಡ್ರೆ ಅಗ್ಗ, ಬಿದಿರು ಪೆಂಡಾಲ್ ಹಾಕೋರ ಹತ್ರ ಕೇಳಿದ್ರೆ ಹಳೇದು ಕೊಡ್ತಾರೆ. ಲೆಕ್ಕದ ಪುಸ್ತಕ ಪ್ಯಾಟ್ರೋಲ್ ಲೀಡರ್‌ಗಳೇ ಬರೀತಾರೆ, ಕೋರ್ಟ್ ಆಫ್ ಆನರ್ ಅಂತ ಅವರ ಸಭೆ ಇದೆಯಲ್ಲ, ಅಲ್ಲಿ ಓದ್ತಾರೆ.

"ಇದರಿಂದ ಏನು ಉಪಯೋಗ, ಮಾರ್ಕ್ಸ್ ಸಿಗುತ್ತಾ" ಅಂತ ಕೇಳೋ ಅಪ್ಪ ಅಮ್ಮಂದಿರೂ ಇದಾರೆ. ಸಿಇಟೀಲಿ ಸ್ಕೌಟ್ ಗೈಡ್ ಕೋಟಾ ಇದೆ, ರೈಲ್ವೇಲೂ ಇದೆ, ಅದನ್ನ ಮುಚ್ಚಿಡಲ್ಲ. ತೃತೀಯ ಸೋಪಾನ ಆದ್ಮೇಲೆ ಸಿಗೋ ರಾಜ್ಯ ಪುರಸ್ಕಾರ ನಮ್ಮ ದಳದಲ್ಲೂ ಬಂದಿದೆ. ಆದ್ರೆ ಸರ್ಟಿಫಿಕೇಟಿಗೆ ಅಂತ ನೇರ ಒಂಬತ್ತನೇ ಕ್ಲಾಸಲ್ಲಿ ತಂದು ಬಿಡೋರಿಗೆ ನಾನು ಆಗಲ್ಲ ಅಂತೀನಿ, ಸೋಪಾನ ಒಂದೊಂದೇ ಹತ್ತಬೇಕು. ಇದರಿಂದ ಒಂದಿಬ್ಬರು ನನ್ನ ಮೇಲೆ ಮುನಿಸ್ಕೊಂಡಿದಾರೆ. 2022ರ ಡಿಸೆಂಬರಲ್ಲಿ ಮೂಡುಬಿದಿರೇಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದ್ರೆ ಸ್ಕೌಟ್ ಗೈಡ್‌ಗಳ ದೊಡ್ಡ ಮೇಳ, ಆಯ್ತಲ್ಲ, ಅದಕ್ಕೆ ನಮ್ಮಿಂದ ನಾಲ್ಕು ಜನ ಹೋಗಿದ್ರು, ಯಾರು ಹೋಗಬೇಕು ಅಂತ ನಾನು ಆರಿಸಲಿಲ್ಲ, ಕೋರ್ಟ್ ಆಫ್ ಆನರಲ್ಲಿ ಅವರೇ ಕೂತು ಒಂದೂವರೆ ಗಂಟೆ ಜಗಳ ಆಡಿ ಆರಿಸಿದ್ರು. ನಾನಾಗಿದ್ರೆ ಆರಿಸ್ತಿದ್ದ ಹುಡುಗಿ ಆ ಪಟ್ಟೀಲಿ ಇರಲಿಲ್ಲ. ಅವಳು ಬುಧವಾರದ ಮೀಟಿಂಗಿಗೆ ಬರದೆ ತಪ್ಪಿಸ್ತಿದ್ದದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಿಮಗೆ ಶುರು ಮಾಡೋ ಮನಸ್ಸಿದ್ರೆ ನಿಮ್ಮ ಜಿಲ್ಲಾ ಸ್ಕೌಟ್ಸ್ ಗೈಡ್ಸ್ ಸಂಸ್ಥೆಗೆ ಹೋಗಿ ಕೇಳಿ. ತಕ್ಷಣ ದಳ ತೆಗೀಬೇಡಿ, ಮೂರು ತಿಂಗಳು ಬೇರೆ ಯಾರದ್ದಾದ್ರೂ ದಳದ ಮೀಟಿಂಗಲ್ಲಿ ಸುಮ್ನೆ ಹೋಗಿ ನಿಂತ್ಕೊಳ್ಳಿ, ಆಮೇಲೆ ಬೇಸಿಕ್ ಕೋರ್ಸ್ ಮಾಡಿ. ವಾರಕ್ಕೆ ಮೂರು ಗಂಟೆ ಅಂತ ಹೇಳ್ತಾರೆ, ನಿಜವಾಗಿ ಆರು ಹಿಡಿಯುತ್ತೆ, ಮನೇಲಿ ಮೊದಲೇ ಹೇಳಿಬಿಡಿ. ದಾವಣಗೆರೆಯೋರಾದ್ರೆ ನಮ್ಮಲ್ಲಿಗೇ ಬನ್ನಿ, ಭಾನುವಾರ ಏಳೂವರೆಗೆ. ಆ ಬಿದ್ದ ಟೆಂಟಿನೊಳಗಿದ್ದ ಒಬ್ಬಳು ಈಗ ಡಿಗ್ರಿ ಓದ್ತಾ ರೇಂಜರ್ ಆಗಿ ನನ್ನ ಜೊತೆ ಇದಾಳೆ, ನಿಮ್ಮ ಕೈಗೆ ಹಗ್ಗ ಕೊಡೋದು ಅವಳೇ.